ಫಾಸ್ಟರ್ ಮಗು ಮನೆಗೆ ಬಂದ ಮೇಲೆ ದೊಡ್ಡವರು ಸೋಲದಿರಲು

ಫಾಸ್ಟರ್ ಕೇರ್, ಅಂದರೆ ಹೆತ್ತವರ ಬಳಿ ಇರಲಾಗದ ಮಗುವನ್ನು ಸ್ವಲ್ಪ ಕಾಲ ನಮ್ಮ ಮನೆಯಲ್ಲಿಟ್ಟು ಸಾಕುವುದು. ಅದನ್ನು ಶುರುಮಾಡಿ ಅರ್ಧಕ್ಕೇ ಕೈಬಿಟ್ಟ ಮನೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಮಗುವಿನ ಹಟ, ಸುಳ್ಳು, ರಾತ್ರಿ ಒದ್ದೆಯಾಗುವ ಹಾಸಿಗೆ, ಇವುಗಳಿಂದ ಬೇಸತ್ತು ಬಿಟ್ಟವರು ಕಡಿಮೆ. ಹೆಚ್ಚಿನವರನ್ನು ಸುಸ್ತು ಮಾಡಿದ್ದು ದೊಡ್ಡವರೇ. ಏನನ್ನೂ ಸರಿಯಾಗಿ ಹೇಳದೆ ಮಗುವನ್ನು ಕಳಿಸಿದವರು, ಬೇಕಾದಾಗ ಫೋನ್ ಎತ್ತದವರು, ಮದುವೆ ಮನೆಯಲ್ಲಿ ಎಲ್ಲರೆದುರು ‘ಯಾರ ಮಗೂರೀ ಅದು?’ ಎಂದು ಕೇಳಿದ ನೆಂಟರು. ಹಾಗಾಗಿ ಇಲ್ಲಿ ಮಗುವನ್ನು ಸಾಕುವ ಬಗ್ಗೆ ಸ್ವಲ್ಪ, ದೊಡ್ಡವರನ್ನು ನಿಭಾಯಿಸುವ ಬಗ್ಗೆ ಜಾಸ್ತಿ ಬರೆಯುತ್ತೇನೆ.

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಯಜಮಾನರು ಕೆಎಸ್‌ಆರ್‌ಟಿಸಿ ಕಂಡಕ್ಟರ್. ನೈಟ್ ಹಾಲ್ಟ್ ಇದ್ದ ದಿನ ಮನೆಯ ಪೂರ್ತಿ ಭಾರ ನನ್ನದು. ಸ್ವಂತ ಮಗಳೊಬ್ಬಳಿದ್ದಾಳೆ, ಜೊತೆಗೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಬಂದು, ಇದ್ದು, ಹೋಗುವ ಮಕ್ಕಳು. ಅವರ ಹೆಸರು, ಶಾಲೆ, ಊರು ಇಲ್ಲಿ ಬರುವುದಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಗುವಿನ ಗುರುತು ಬಯಲು ಮಾಡಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪತ್ರಿಕೆ, ಟಿ.ವಿ. ಮಾತ್ರ ಅಲ್ಲ, ಬೇರೆ ರೀತಿಯ ಸಂವಹನವೂ ಅದರೊಳಗೆ ಬರುತ್ತದೆ. ಹೊಸ ಬಟ್ಟೆ ಹಾಕಿಸಿ ವಾಟ್ಸಾಪ್ ಸ್ಟೇಟಸ್‌ಗೆ ಫೋಟೋ ಹಾಕುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ.

ಹೂಂ ಎನ್ನುವ ಮುಂಚೆ

ಫಾಸ್ಟರ್ ಕೇರ್ ದತ್ತು ಅಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ, ಕೇಳಿದವರೆಲ್ಲ ತಲೆಯಾಡಿಸುತ್ತಾರೆ, ಮಗು ಬಂದು ವಾರ ಕಳೆಯುವಷ್ಟರಲ್ಲಿ ಅದರ ಮದುವೆಯವರೆಗೂ ಲೆಕ್ಕ ಹಾಕಿ ಕೂತಿರುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಹೇಳುವುದು ಮಗುವನ್ನು ಅಲ್ಪ ಕಾಲಕ್ಕೋ ಹೆಚ್ಚು ಕಾಲಕ್ಕೋ ಬೇರೊಂದು ಕುಟುಂಬದಲ್ಲಿ ಇರಿಸುವ ವಿಚಾರ. ಫಾಸ್ಟರ್ ಕೇರ್ ಬಗ್ಗೆ ಕೇಂದ್ರದ 2024ರ ಮಾದರಿ ಮಾರ್ಗಸೂಚಿಯಲ್ಲಿ 2 ವರ್ಷ ಸಾಕಿದ ಮನೆಯವರು ಅದೇ ಮಗುವನ್ನು ದತ್ತು ಕೇಳಲು ದಾರಿ ಇದೆ, ಮೊದಲು 5 ವರ್ಷ ಆಗಬೇಕಿತ್ತು. ಆದರೆ ದತ್ತು ಕೊಡಲು ಕಾನೂನಿನ ಅಡ್ಡಿ ಇಲ್ಲದ ಮಗುವಾದರೆ ಮಾತ್ರ ಆ ಮಾತು. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಅಪ್ಪ ಜೈಲಿನಲ್ಲಿದ್ದಾನೆ ಎಂದು ಬಂದ ಮಗು ಒಂದು ದಿನ ಬ್ಯಾಗ್ ತುಂಬಿಕೊಂಡು ಹೊರಡುತ್ತದೆ. ದತ್ತು ಸಿಗಲಿಲ್ಲವೆಂದು ಈ ಬಾಗಿಲಿಗೆ ಬರುವವರಿಗೆ ನಾನು ನೇರವಾಗಿ ಹೇಳುವುದುಂಟು: ನಿಮಗೆ ದತ್ತೇ ಬೇಕಾದರೆ ಅದರ ಸರದಿಯಲ್ಲೇ ನಿಲ್ಲಿ. ಇಲ್ಲಿ ಬಂದು ಅಳಬೇಡಿ, ಮಗುವನ್ನೂ ಅಳಿಸಬೇಡಿ.

ಹಾಗಾದರೆ ಸಾಕುವವರಿಗೆ ಸಿಗುವುದೇನು? ಇದಕ್ಕೆ ಉತ್ತರ ಮೊದಲೇ ಇರಬೇಕು, ಅದೂ ಸಣ್ಣ ಉತ್ತರ. ‘ಮಗುವಿನ ಬದುಕನ್ನೇ ಬದಲಾಯಿಸುತ್ತೇವೆ’ ಎಂದು ಹೊರಟವರು ಆರು ತಿಂಗಳಿಗೆ ಸೋಲುತ್ತಾರೆ. ನಮ್ಮ ಮನೆಯಲ್ಲಿ ಪ್ರತಿ ಮಗು ಬಂದಾಗಲೂ ನಾನೂ ಯಜಮಾನರೂ ಕೂತು ಎರಡೇ ಎರಡು ವಿಷಯ ಇತ್ಯರ್ಥ ಮಾಡಿಕೊಳ್ಳುತ್ತೇವೆ. ಒಂದು ಮಗುವಿಗೆ ಅದು ರಾತ್ರಿ ಎಚ್ಚರವಾಗದೆ ಮಲಗಬೇಕು, ಬೇಡವಾದ್ದನ್ನು ಹೆದರದೆ ‘ಬೇಡ’ ಎನ್ನಬೇಕು. ಇನ್ನೊಂದು ಮಗುವಿಗೆ ಮಗ್ಗಿಯೂ ಹಲ್ಲು ನೋವಿನ ಚಿಕಿತ್ಸೆಯೂ. ಇಷ್ಟಾದರೆ ಕೆಲಸ ಆದಂತೆ. ಉಳಿದದ್ದೆಲ್ಲ ಲಾಭ.

ಆಮೇಲೆ ಪ್ರಶ್ನೆಗಳು. ಫೋನ್ ಬಂದ ಕೂಡಲೇ ಕರಗಿ ‘ಕರ್ಕೊಂಡು ಬನ್ನಿ’ ಎನ್ನುವುದು ಸುಲಭ. ಅಳತೆ ತೆಗೆಯದೆ ಬ್ಲೌಸ್ ಪೀಸಿಗೆ ಕತ್ತರಿ ಹಾಕಿದ ಹಾಗೆ ಅದು. ಡಿಸಿಪಿಯುನವರು, ಅಂದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು, ಮಗುವಿನ ಬಗ್ಗೆ ಸಾಮಾಜಿಕ ತನಿಖಾ ವರದಿ ಮಾಡಿರುತ್ತಾರೆ. ನಿಮಗೆ ತಿಳಿಸಬಹುದಾದ್ದನ್ನೆಲ್ಲ ತಿಳಿಸಿ ಎಂದು ಕೇಳಿ. ರಾತ್ರಿ ಯಾವುದಕ್ಕೆ ಹೆದರುತ್ತದೆ? ಗಂಡಸರು ಗಟ್ಟಿಯಾಗಿ ಮಾತಾಡಿದರೆ ಏನು ಮಾಡುತ್ತದೆ? ಫಿಟ್ಸ್, ಉಬ್ಬಸ, ಯಾವುದಾದರೂ ಮಾತ್ರೆ ಇದೆಯೇ? ಅಣ್ಣ ತಂಗಿ ಎಲ್ಲಿದ್ದಾರೆ? ಒಡಹುಟ್ಟಿದವರನ್ನು ಆದಷ್ಟೂ ಒಂದೇ ಮನೆಯಲ್ಲಿ ಇಡಬೇಕೆಂದು ಕಾಯ್ದೆಯೇ ಹೇಳುತ್ತದೆ, ಇಟ್ಟಿಲ್ಲವಾದರೆ ಯಾಕೆಂದು ಕೇಳಿ. ಮನೆಯವರಲ್ಲಿ ಯಾರು ಭೇಟಿಗೆ ಬರಬಹುದು, ಯಾರು ಬರಕೂಡದು? ಇದಿಷ್ಟು ಗೊತ್ತಿದ್ದು ಒಪ್ಪಿಕೊಂಡ ಮನೆಗೆ ಮುಂದೆ ಬರುವ ಕಷ್ಟ ಕಷ್ಟವಾಗಿಯೇ ಕಾಣುತ್ತದೆ, ಮೋಸವಾಗಿ ಕಾಣುವುದಿಲ್ಲ. ಜನ ಬಿಟ್ಟುಹೋಗುವುದು ಎರಡನೆಯದಕ್ಕೆ.

‘ಆಗಲ್ಲ’ ಎನ್ನುವುದಕ್ಕೂ ಹಿಂಜರಿಯಬೇಡಿ. ಹೊಲಿಗೆ ಮೆಷಿನ್ನು, ಇಸ್ತ್ರಿಪೆಟ್ಟಿಗೆ, ಕತ್ತರಿ ಇರುವ ನನ್ನ ಮನೆಗೆ ಕೆಲವು ಮಕ್ಕಳು ಹೊಂದುವುದಿಲ್ಲ, ಅದನ್ನು ಹೇಳಿಯೇ ಹೇಳುತ್ತೇನೆ.

ಒಂದು ಫೈಲು, ಒಂದು ನೋಟ್‌ಬುಕ್

ಸಮಿತಿಯ ಆದೇಶದ ಪ್ರತಿ ಇಲ್ಲದೆ ಮಗುವನ್ನು ಮನೆಯೊಳಗೆ ಕರೆದುಕೊಳ್ಳಬೇಡಿ. ನಾಲ್ಕೈದು ಜೆರಾಕ್ಸ್ ಮಾಡಿಸಿಡಿ, ಅಂಗಡಿಯಲ್ಲೊಂದು, ಮನೆಯಲ್ಲೊಂದು. ಅದರ ಹಿಂದೆ ಮಗುವಿನ ಆಧಾರ್, ತಾಯಿ ಕಾರ್ಡ್ ಸಿಕ್ಕರೆ ಅದು, ಶಾಲೆಯ ಸ್ಯಾಟ್ಸ್ ನಂಬರ್ (ವಿದ್ಯಾರ್ಥಿಯ ಗುರುತಿನ ಸಂಖ್ಯೆ), ಜಾತಿ ಆದಾಯ ಪ್ರಮಾಣಪತ್ರ, ರಕ್ತದ ಗುಂಪು. ಇವುಗಳಲ್ಲಿ ಅರ್ಧ ಇರುವುದಿಲ್ಲ. ಇಲ್ಲದವು ಯಾವುವು ಎಂದು ಚೀಟಿಯಲ್ಲಿ ಬರೆದು, ಯಾರು ಮಾಡಿಸಿಕೊಡುತ್ತಾರೆ ಎಂದು ಪಕ್ಕದಲ್ಲೇ ಬರೆಸಿಕೊಳ್ಳಿ. ಮಾತಿನಲ್ಲಿ ಬಿಟ್ಟರೆ ನಾಡಕಚೇರಿ ಮುಂದೆ ನಿಲ್ಲುವವರು ನೀವೇ.

ಒಂದು ಶಾಲೆಯಲ್ಲಿ ಟಿ.ಸಿ. ಇಲ್ಲದೆ ಸೇರಿಸಿಕೊಳ್ಳುವುದಿಲ್ಲ ಎಂದು ನನ್ನನ್ನು ಸುಮ್ಮನೆ ಅಲೆದಾಡಿಸಿದರು. ಟಿ.ಸಿ. ತಡವಾಯಿತೆಂದು ದಾಖಲಾತಿ ತಡೆಯುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂನಲ್ಲಿದೆ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆಂದು 4ನೇ ಕಲಂನಲ್ಲಿದೆ. ಆ ಪುಟವನ್ನೇ ಪ್ರಿಂಟ್ ತೆಗೆಸಿ ಮೇಜಿನ ಮೇಲಿಟ್ಟೆ. ಜಗಳ ಆಡಲಿಲ್ಲ. ಟೀ ತರಿಸಿದರು.

ನೋಟ್‌ಬುಕ್ ಇನ್ನೂ ಮುಖ್ಯ. ದಿನಾ ಎರಡು ಸಾಲು ಸಾಕು: ಏನು ತಿಂದಿತು, ಹೇಗೆ ಮಲಗಿತು, ಯಾರು ಫೋನ್ ಮಾಡಿದ್ದರು. ಆಟದಲ್ಲಿ ಮಂಡಿ ತರಚಿದರೆ ಅವತ್ತೇ ಸಮಾಜ ಕಾರ್ಯಕರ್ತೆಗೆ ವಾಟ್ಸಾಪ್ ಸಂದೇಶ. ಬೇರೆಯವರ ಮಗುವನ್ನು ಸಾಕುವ ಮನೆಯ ಮೇಲೆ ಅನುಮಾನ ಬರಲು ಒಂದು ಗಾಯ ಸಾಕು, ನಾಲ್ಕು ತಿಂಗಳ ನಂತರ ‘ಆ ಕಲೆ ಎಲ್ಲಿಂದ ಬಂತು’ ಎಂದರೆ ನೆನಪಿನಿಂದ ಉತ್ತರ ಹೇಳಲಾಗದು. ಆ ನೋಟ್‌ಬುಕ್ಕಿನಿಂದ ಇನ್ನೊಂದು ಪ್ರಯೋಜನವೂ ಉಂಟು. ಏನೂ ಸುಧಾರಿಸಿಲ್ಲ ಅನಿಸಿದ ರಾತ್ರಿ ಹಿಂದಿನ ಪುಟ ತಿರುಗಿಸಿ ನೋಡಿ. ‘ಊಟಕ್ಕೆ ಮೇಜಿನ ಕೆಳಗೆ ಕೂತಳು’ ಎಂದು ಬರೆದದ್ದು ಕಣ್ಣಿಗೆ ಬೀಳುತ್ತದೆ.

ಇರುವೆ ಸಾಲು

ಮಗುವಿನ ನಡತೆಯ ಬಗ್ಗೆ ಒಂದೇ ಉದಾಹರಣೆ ಹೇಳುತ್ತೇನೆ, ಯಾಕೆಂದರೆ ತರಬೇತಿಯಲ್ಲಿ ಕೇಳಿದ ನೂರು ಮಾತಿಗಿಂತ ಇದರಿಂದ ನನಗೆ ಕೆಲಸ ಸಲೀಸಾಯಿತು. ಎಂಟು ವರ್ಷದ ಹುಡುಗಿ. ಬೆಳಗ್ಗೆ ಗೋಡೆಯುದ್ದಕ್ಕೂ ಇರುವೆ ಸಾಲು, ಅವಳ ದಿಂಬಿನ ಕವರಿನೊಳಗೆ ಹೋಗುತ್ತಿತ್ತು. ಒಳಗೆ ಕೈ ಹಾಕಿದರೆ ಅರ್ಧ ಚಪಾತಿ, ಪುಡಿಯಾದ ಪಾರ್ಲೆ-ಜಿ, ಕಪ್ಪಾದ ಬಾಳೆಹಣ್ಣು. ಅತ್ತೆಯವರು ನೋಡಿ, ‘ಏನೂ ಕೊಡಲ್ಲ ಅನ್ನೋ ಹಾಗೆ ಕದೀತಾಳಲ್ಲೇ’ ಎಂದರು.

ಅದು ಕಳ್ಳತನ ಅಲ್ಲ. ನಾಳೆ ಊಟ ಸಿಗುತ್ತದೋ ಇಲ್ಲವೋ ಎಂದು ವರ್ಷಗಟ್ಟಲೆ ಗೊತ್ತಿಲ್ಲದೆ ಬೆಳೆದ ಮಗು ಮಾಡುವ ಏರ್ಪಾಡು. ಒಂದು ಸ್ಟೀಲ್ ಡಬ್ಬಿ ತಂದು, ಅವಳ ಹಾಸಿಗೆ ಪಕ್ಕದಲ್ಲೇ ಇಟ್ಟು, ಬಿಸ್ಕತ್ತು, ಕಡಲೆಕಾಯಿ ಚಿಕ್ಕಿ ತುಂಬಿಸಿ ಹೇಳಿದೆ: ‘ಇದು ನಿಂದು. ಕೇಳದೆ ತಿನ್ನಬಹುದು. ಖಾಲಿ ಆದ್ರೆ ದೊಡ್ಡಮ್ಮ ತುಂಬಿಸ್ತಾಳೆ.’ ದೊಡ್ಡಮ್ಮ ಅಂದರೆ ನಾನೇ. ಮೊದಲ ದಿನಗಳಲ್ಲಿ ಸಂಜೆಯಾಗುವುದರೊಳಗೆ ಖಾಲಿ. ಅನ್ನ ಮುಟ್ಟುತ್ತಿರಲಿಲ್ಲ. ಅತ್ತೆಯವರ ಮುಖ ನೋಡುವ ಹಾಗಿರಲಿಲ್ಲ. ನಾನು ಏನೂ ಅನ್ನದೆ ತುಂಬಿಸುತ್ತಾ ಹೋದೆ. ಮಳೆಗಾಲ ಮುಗಿಯುವ ಹೊತ್ತಿಗೆ ಡಬ್ಬಿಯ ಬಿಸ್ಕತ್ತು ಮೆತ್ತಗಾಗಿ ಎಸೆಯಬೇಕಾಯಿತು. ಎಸೆಯುವಾಗ ನನಗೆ ಆದಷ್ಟು ಖುಷಿ ಯಾವ ಸನ್ಮಾನದ ಶಾಲಿನಲ್ಲೂ ಆಗುತ್ತಿರಲಿಲ್ಲ.

ನಡತೆಯ ಹಿಂದಿನ ಕಾರಣ ಹೇಳಿಕೊಡುವವರು ಒಬ್ಬರಾದರೂ ನಿಮಗಿರಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ, ಡಿಸಿಪಿಯುನಲ್ಲಿ ಆಪ್ತಸಮಾಲೋಚಕರು ಇರುತ್ತಾರೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಅದು ಮಗುವಿಗೆ ಮಾತ್ರ ಎಂದುಕೊಳ್ಳಬೇಡಿ. ಮಗು ಮಲಗಿದ ಮೇಲೆ ನನಗೇ ನಿದ್ದೆ ಬಾರದಾದಾಗ ನಾನೂ ಫೋನ್ ಮಾಡಿದ್ದೇನೆ.

ತಿಂಗಳ ಭೇಟಿಯನ್ನು ನಿಮ್ಮದಾಗಿಸಿಕೊಳ್ಳಿ

ಫಾಸ್ಟರ್ ಮನೆಯನ್ನು ಸಮಿತಿ ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂದು ಕಾಯ್ದೆಯಲ್ಲಿದೆ. ಬಹಳ ಮಂದಿ ಇದನ್ನು ಇನ್‌ಸ್ಪೆಕ್ಷನ್ ಎಂದುಕೊಂಡು ಮನೆ ತೊಳೆದು, ಮಗುವಿಗೆ ಹೊಸ ಫ್ರಾಕ್ ಹಾಕಿ, ಕೇಸರಿಬಾತ್ ಮಾಡಿ ಕಾಯುತ್ತಾರೆ. ಬಂದವರು ತಿಂದು, ‘ಎಲ್ಲ ಚೆನ್ನಾಗಿದೆ’ ಎಂದು ಸಹಿ ಹಾಕಿ ಹೋಗುತ್ತಾರೆ. ನಿಮ್ಮ ಹೊಟ್ಟೆಯೊಳಗಿದ್ದದ್ದು ಅಲ್ಲೇ ಉಳಿಯುತ್ತದೆ. ಬದಲು, ಭೇಟಿಗೆ ಮುಂಚೆ ಮೂರು ವಿಷಯ ಬರೆದಿಡಿ. ಒಂದು, ಈ ತಿಂಗಳ ಕಷ್ಟ. ಎರಡು, ನಿಮಗೆ ಬೇಕಾದ ಒಂದು ಸಹಾಯ. ಮೂರು, ಮಗುವಿನ ಬಗ್ಗೆ ಮುಂದೆ ಏನು ಯೋಚನೆ ಇದೆ ಎಂಬ ಪ್ರಶ್ನೆ. ಬಂದವರನ್ನು ಹಾಲ್‌ನಲ್ಲಿ ಕೂರಿಸದೆ ಅಡುಗೆಮನೆಗೆ ಕರೆಯಿರಿ, ನೀವು ಸೊಪ್ಪು ಬಿಡಿಸುತ್ತಾ ಮಾತಾಡಿ. ಅಲ್ಲಿ ಅವರೂ ಅಧಿಕಾರಿಯ ಹಾಗೆ ಕೂರುವುದಿಲ್ಲ. ಮಗುವಿನ ಜೊತೆ ಅವರೊಬ್ಬರೇ ಮಾತಾಡಲು ಜಾಗವನ್ನೂ ಮಾಡಿಕೊಡಿ, ಅದು ಮಗುವಿನ ಹಕ್ಕು.

ದಿನಾ ಮಗುವನ್ನು ನೋಡುವವರು ನೀವು. ಅದಕ್ಕೆ ಏನು ಒಗ್ಗುತ್ತದೆಂಬ ವಿಚಾರದಲ್ಲಿ ನಿಮ್ಮ ಮಾತೂ ಕಡತಕ್ಕೆ ಸೇರಬೇಕು. ಸಮಿತಿ ಮುಂದೆ ಹಾಜರಾಗುವ ದಿನ ಬಾಯಿಮಾತಿಗೆ ಅವಕಾಶ ಸಿಗುತ್ತದೋ ಇಲ್ಲವೋ, ಒಂದು ಪುಟದ ಪತ್ರ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಮ್ಮ ಮಾತಿಗೆ ಬೆಲೆ ಇದೆ ಅನಿಸಿದ ಮನೆ ಮುಂದುವರಿಯುತ್ತದೆ. ‘ನೀವು ಬರೀ ಊಟ ಹಾಕುವವರು’ ಅನ್ನಿಸಿಕೊಂಡ ಮನೆ ಮುಂದಿನ ಸಲ ಫೋನ್ ಎತ್ತುವುದಿಲ್ಲ.

ದುಡ್ಡಿನ ಮಾತು

ಮಕ್ಕಳ ರಕ್ಷಣೆಗೆಂದಿರುವ ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಇದರ ಬಗ್ಗೆ ನಾಚಿಕೆ ಬೇಡ. ಬೆಳೆಯುವ ಹುಡುಗನಿಗೆ ಶಾಲಾ ವ್ಯಾನು, ಶೂ, ಹಾಲು, ಮೊಟ್ಟೆ, ಟ್ಯೂಷನ್ ಎಂದು ಕೂಡಿಸುತ್ತಾ ಹೋದರೆ ಮಿಗುವುದು ಏನೂ ಇಲ್ಲ. ಆದರೂ ಪಕ್ಕದ ಮನೆಯವರು ‘ಸರ್ಕಾರದ ದುಡ್ಡಿಗೋಸ್ಕರ’ ಎನ್ನುವುದು ತಪ್ಪದು. ನಾನು ಅವರಿಗೆ ಅರ್ಜಿ ನಮೂನೆ ಎಲ್ಲಿ ಸಿಗುತ್ತದೆಂದು ಹೇಳುತ್ತೇನೆ. ಇದುವರೆಗೆ ಯಾರೂ ತಂದಿಲ್ಲ.

ಕಂತು ಪ್ರತಿ ತಿಂಗಳೂ ಒಂದೇ ತಾರೀಖಿಗೆ ಬೀಳುತ್ತದೆ ಎಂದು ಬಜೆಟ್ ಮಾಡಬೇಡಿ. ಮೂರು ತಿಂಗಳ ಖರ್ಚು ಕೈಯಲ್ಲಿದ್ದರೆ ಮಾತ್ರ ಮಗುವಿನ ಮುಖ ನೋಡಿ ದುಡ್ಡಿನ ಸಿಟ್ಟು ಬರುವುದಿಲ್ಲ. ಬಿಲ್ಲುಗಳನ್ನು ಅದೇ ಫೈಲಿಗೆ ಹಾಕಿ. ಆಸ್ಪತ್ರೆಯಂಥ ದೊಡ್ಡ ಖರ್ಚು ಕಂಡಕೂಡಲೇ ಮೊದಲು ತಿಳಿಸಿ, ಆಮೇಲೆ ಖರ್ಚು ಮಾಡಿ, ತುರ್ತು ಇದ್ದರೆ ಬೇರೆ ಮಾತು.

ಅಮ್ಮ ಅವಳೇ

ನಮ್ಮ ಮನೆಗೆ ಬರುವ ಮಕ್ಕಳು ನನ್ನನ್ನು ದೊಡ್ಡಮ್ಮ ಎನ್ನುತ್ತಾರೆ, ಯಜಮಾನರನ್ನು ದೊಡ್ಡಪ್ಪ. ಅಮ್ಮ ಎಂದು ಕರೆಸಿಕೊಳ್ಳಬೇಡಿ, ಮಗುವಾಗಿ ಕರೆದರೆ ತಡೆಯಲೂ ಬೇಡಿ. ಹೆತ್ತವರಿಗೆ ಭೇಟಿಗೆ ಅವಕಾಶ ಕಾಯ್ದೆಯಲ್ಲೇ ಇದೆ, ಮಗುವಿಗೆ ಒಳ್ಳೆಯದಲ್ಲ ಎಂದು ಸಮಿತಿಗೆ ಅನಿಸಿದರೆ ಮಾತ್ರ ಇಲ್ಲ. ಈ ಭೇಟಿಗಳೇ ಸಾಕುವವರನ್ನು ಹೆಚ್ಚು ಹಿಂಡುವುದು. ಅಮ್ಮ ಬಂದು ಹೋದ ಸಂಜೆ ಮಗು ತಟ್ಟೆ ನೂಕುತ್ತದೆ, ‘ನೀನೇನು ನಮ್ಮಮ್ಮ ಅಲ್ಲ’ ಎನ್ನುತ್ತದೆ. ಇದು ಬರುವುದು ಖಚಿತ ಎಂದುಕೊಂಡೇ ಆ ದಿನವನ್ನು ಹೊಂದಿಸಿ. ಅವತ್ತು ಅಂಗಡಿಯಲ್ಲಿ ಅರ್ಜೆಂಟ್ ಕೆಲಸ ಒಪ್ಪಿಕೊಳ್ಳುವುದಿಲ್ಲ, ನೆಂಟರನ್ನು ಕರೆಯುವುದಿಲ್ಲ. ಊಟಕ್ಕೆ ಮೊಸರನ್ನವೋ ಮಗುವಿಗೆ ಇಷ್ಟವಾದ ಇನ್ನೇನೋ. ಮಾತು ಕಡಿಮೆ. ‘ಹೌದು ಕಣೋ, ನಿಮ್ಮಮ್ಮ ಅವರೇ. ಊಟ ಇಲ್ಲೇ ಇಟ್ಟಿರ್ತೀನಿ’ ಅಂದರೆ ಸಾಕು.

ಆ ತಾಯಿಯನ್ನು ಮಗುವಿನೆದುರು ಆಡಿಕೊಳ್ಳಬೇಡಿ. ಸಾಧ್ಯವಾದರೆ ಒಂದು ಲೋಟ ಕಾಫಿ ಕೊಟ್ಟು, ಮಗು ಸಣ್ಣದಿದ್ದಾಗ ಏನು ಇಷ್ಟಪಡುತ್ತಿತ್ತು ಎಂದು ಕೇಳಿ. ಅವಳಿಗೆ ಗೊತ್ತಿರುವುದು ನಿಮಗೆ ಯಾವ ವರದಿಯಲ್ಲೂ ಸಿಗುವುದಿಲ್ಲ. ಭೇಟಿ ಎಲ್ಲಿ ಆಗಬೇಕು ಎಂಬುದನ್ನು ಮಾತ್ರ ಡಿಸಿಪಿಯುನವರೇ ನಿರ್ಧರಿಸಲಿ. ನಿಮ್ಮ ಮನೆ ವಿಳಾಸವನ್ನು ಮುಲಾಜಿಗೆ ಬಿದ್ದು ಕೊಡಬೇಡಿ.

ನಿಮ್ಮವರು

ಸ್ವಂತ ಮಕ್ಕಳಿದ್ದರೆ ಅವರನ್ನು ಮೊದಲು ಕೇಳಿ. ನನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ರೂಮಿನ ಅರ್ಧ, ಕಪಾಟಿನ ಅರ್ಧ, ಅಮ್ಮನ ಅರ್ಧ ಬಿಟ್ಟುಕೊಟ್ಟಳು. ಅವಳ ಕಪಾಟಿನ ಒಂದು ಖಾನೆಗೆ ಬೀಗ ಹಾಕಿಸಿಕೊಟ್ಟೆ, ಕೀ ಅವಳ ಹತ್ತಿರವೇ. ಶನಿವಾರ ಸಂಜೆ ಅವಳದ್ದೇ, ಇಬ್ಬರೇ ಹೋಗಿ ಗೋಬಿ ತಿಂದು ಬರುತ್ತೇವೆ. ಬಂದ ಮಗು ಅತ್ತರೂ ಆ ಶನಿವಾರ ತಪ್ಪಿಸುವುದಿಲ್ಲ, ಯಜಮಾನರು ನೋಡಿಕೊಳ್ಳುತ್ತಾರೆ. ಸ್ವಂತ ಮಗು ‘ಸಾಕಮ್ಮ ಇನ್ನು’ ಎಂದ ದಿನ ಯಾವ ಮನೆಯೂ ಮುಂದುವರಿಯುವುದಿಲ್ಲ, ಮುಂದುವರಿಯಲೂ ಬಾರದು.

ನೆಂಟರಿಗೆ ಒಂದೇ ಉತ್ತರ ಮನೆಯವರೆಲ್ಲ ಬಾಯಿಪಾಠ ಮಾಡಿಕೊಳ್ಳಿ. ‘ನಮ್ಮನೇಲಿ ಓದ್ಕೊಂಡಿದಾಳೆ.’ ಅಷ್ಟೇ. ಯಾವ ಜನ, ಯಾವ ಊರು, ಅಪ್ಪ ಏನು ಮಾಡ್ತಾನೆ ಎಂದು ಬೆನ್ನು ಹತ್ತುವವರಿಗೆ ‘ಊಟ ಆಯ್ತಾ ನಿಮ್ದು?’ ಎಂದು ತಿರುಗಿಸಿ. ಊಟದ ಸಾಲಿನಲ್ಲಿ ಮಗುವನ್ನು ಬೇರೆ ಕೂರಿಸುವ ಮನೆ ಇದ್ದರೆ ಆ ಮನೆಗೆ ಮತ್ತೆ ಹೋಗುವುದಿಲ್ಲ ಎಂಬುದು ನಮ್ಮ ತೀರ್ಮಾನ. ಒಬ್ಬಿಬ್ಬರು ನೆಂಟರು ದೂರವಾದರು. ಹಬ್ಬದ ಖರ್ಚು ಉಳಿಯಿತು.

ಎಲ್ಲಕ್ಕಿಂತ ಹೆಚ್ಚು ತಾಳಿಸುವುದು ಇದೇ ಕೆಲಸ ಮಾಡುವ ಇನ್ನೊಂದು ಮನೆ. ಅಮೆರಿಕದ ಸಿಯಾಟಲ್‌ನಲ್ಲಿ 2004ರಲ್ಲಿ ಶುರುವಾದ ಮಾಕಿಂಗ್‌ಬರ್ಡ್ ಎಂಬ ಮಾದರಿ ಇದೆ, 2015ರಲ್ಲಿ ಬ್ರಿಟನ್‌ಗೂ ಬಂತು. ಅನುಭವಸ್ಥರ ಒಂದು ಮನೆ ನಡುವೆ, ಸುತ್ತ 6ರಿಂದ 10 ಫಾಸ್ಟರ್ ಮನೆಗಳು. ಮಕ್ಕಳು ಆ ನಡುಮನೆಗೆ ಹೋಗಿ ಆಡುತ್ತಾರೆ, ರಾತ್ರಿ ತಂಗುತ್ತಾರೆ, ದೊಡ್ಡವರಿಗೆ ಉಸಿರಾಡಲು ಬಿಡುವು ಸಿಗುತ್ತದೆ. ನಮ್ಮಲ್ಲಿ ಅಷ್ಟು ಮನೆಗಳೇ ಇಲ್ಲ, ಇರುವವೂ ದೂರ ದೂರ. ಆದರೂ ಡಿಸಿಪಿಯುನವರಿಗೆ ಹೇಳಿದರೆ ಬೇರೆ ಮನೆಯವರ ಒಪ್ಪಿಗೆ ಪಡೆದು ನಂಬರ್ ಕೊಡಿಸುತ್ತಾರೆ. ನಾವು ಮೂರು ಮನೆಯವರು ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಮಕ್ಕಳು ಹೊರಗೆ ಲಗೋರಿ, ನಾವು ಒಳಗೆ ಉಪ್ಪಿಟ್ಟು ಕಾಫಿ. ಇನ್ನೊಬ್ಬಳು ‘ನಮ್ಮನೇಲೂ ಇದೇ ಕಥೆ’ ಎಂದರೆ ಎಷ್ಟೋ ಹಗುರ. ಮಗುವನ್ನು ರಾತ್ರಿ ಬೇರೆಯವರ ಮನೆಯಲ್ಲಿ ಬಿಡುವುದಿದ್ದರೆ ಮಾತ್ರ ಮುಂಚೆಯೇ ಬರವಣಿಗೆಯಲ್ಲಿ ಅನುಮತಿ ಕೇಳಿ. 2024ರ ಮಾರ್ಗಸೂಚಿ 35ರಿಂದ 60 ವಯಸ್ಸಿನ ಒಂಟಿಯಾಗಿರುವವರಿಗೂ ಅವಕಾಶ ಕೊಟ್ಟಿದೆ, ಒಂಟಿ ಗಂಡಸರಿಗೆ ಗಂಡು ಮಗು ಮಾತ್ರ. ಅಂಥವರು ಈ ಬಳಗ ಕಟ್ಟಿಕೊಳ್ಳದೆ ಮಗುವನ್ನು ಒಪ್ಪಿಕೊಳ್ಳುವುದೇ ಬೇಡ ಎನ್ನುತ್ತೇನೆ ನಾನು.

ಹೊರಡುವ ದಿನ, ಆಮೇಲಿನ ದಿನ

ಮಗು ಹೋಗುವುದು ಗೊತ್ತಾದ ಮೇಲೆ ಒಂದೇ ದಿನದಲ್ಲಿ ಕಳಿಸಬೇಡಿ ಎಂದು ಪತ್ರ ಕೊಡಿ. ಒಂದೆರಡು ಭೇಟಿ, ಒಂದು ರಾತ್ರಿ ಅಲ್ಲಿ, ಆಮೇಲೆ ಪೂರ್ತಿ. ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಕಳಿಸಬಾರದು. ನಾನು ಉಳಿದ ಬಟ್ಟೆ ತುಂಡುಗಳಿಂದ ಒಂದು ಚೀಲ ಹೊಲಿದು, ಒಳಜೇಬಿನಲ್ಲಿ ಫೋಟೋ, ಮಾರ್ಕ್ಸ್‌ಕಾರ್ಡ್, ಲಸಿಕೆ ವಿವರ, ಇಷ್ಟದ ಸಾರಿನ ರೆಸಿಪಿ ಇಡುತ್ತೇನೆ. ಹೋದ ಮೇಲೆ ಸುದ್ದಿ ತಿಳಿಯಲು ಅವಕಾಶವಿದೆಯೇ, ಯಾರ ಮೂಲಕ, ಎಷ್ಟು ದಿನಕ್ಕೊಮ್ಮೆ ಎಂದು ಮೊದಲೇ ಕೇಳಿ. ಮಗು ಏನಾಯಿತೆಂದು ಗೊತ್ತಾಗದೆ ಉಳಿದವರು ಮತ್ತೊಂದು ಮಗುವನ್ನು ಒಪ್ಪಿಕೊಳ್ಳುವುದು ಅಪರೂಪ.

ಮರುದಿನವೇ ಇನ್ನೊಂದು ಫೋನ್ ಬರಬಹುದು. ಅತ್ತು ಮುಗಿಸುವ ಮುಂಚೆ ಒಪ್ಪಿಕೊಂಡರೆ ಹೊಸ ಮಗುವಿನಲ್ಲಿ ಹಳೆಯದನ್ನೇ ಹುಡುಕುತ್ತೀರಿ. ಬಿಡುವು ಬೇಕೆಂದು ಬರೆದು ಕೊಡಿ, ಆದರೆ ಸುಮ್ಮನೆ ‘ಸದ್ಯ ಬೇಡ’ ಎಂದು ಬರೆಯಬೇಡಿ. ಹಾಗೆ ಬರೆದವರ ಹೆಸರು ಪಟ್ಟಿಯ ತಳಕ್ಕೆ ಹೋಗುತ್ತದೆ, ಅವರೂ ಮರೆಯುತ್ತಾರೆ, ನೀವೂ ಮರೆಯುತ್ತೀರಿ. ಮತ್ತೆ ಯಾವ ತಿಂಗಳಿಂದ ಸಿದ್ಧ, ಯಾವ ವಯಸ್ಸಿನ ಮಗುವಾದರೆ ಆಗುತ್ತದೆ, ಕಳೆದ ಸಲ ಯಾವ ಸಹಾಯ ಸಿಗಲಿಲ್ಲ, ಈ ಸಲ ಏನು ಬೇಕು, ಎಲ್ಲವನ್ನೂ ಅದೇ ಅರ್ಜಿಯಲ್ಲಿ ಹಾಕಿ. ನಮ್ಮದರಲ್ಲಿ ಜೂನ್ ಎಂದು ಬರೆದಿದ್ದೇನೆ. ಶಾಲೆ ಶುರುವಾಗಿರುತ್ತದೆ, ಮಗಳ ಪರೀಕ್ಷೆ ಮುಗಿದಿರುತ್ತದೆ, ಅಂಗಡಿಯಲ್ಲಿ ಮದುವೆ ಬ್ಲೌಸುಗಳ ಗದ್ದಲವೂ ಇರುವುದಿಲ್ಲ.